ಕುಮುದಳ ಫ್ಯಾನಿನ ಗುನುಗು

ನಮ್ಮ ಊರಿನಲ್ಲಿ ಹೆಣ್ಣು ನೋಡಲು ಬಂದವರು ಬಂದ ಕೂಡಲೇ ಮಾತಿಗೆ ಶುರುಮಾಡುವುದಿಲ್ಲ. ಚಾಪೆಯ ಮೇಲೆ ಕೂತು, ಕೊಟ್ಟ ನೀರು ಕುಡಿದು, ತಲೆಯ ಮೇಲೆ ತಿರುಗುವ ಫ್ಯಾನನ್ನು ಸ್ವಲ್ಪ ಹೊತ್ತು ಕೇಳಿಸಿಕೊಳ್ಳುತ್ತಾರೆ. ಆಮೇಲೆ ಅವರಲ್ಲೊಬ್ಬ ಹೆಂಗಸು ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ, "ಮಿಕ್ಸಿ ಒಂದು ಸುತ್ತು ಹಾಕಿ, ನೋಡೋಣ" ಎನ್ನುತ್ತಾಳೆ. ಮಿಕ್ಸಿ ತಾಯಿಯ ಗುನುಗು ಗುನುಗಿದರೆ, ಮಗಳು ಆ ಮನೆಯಲ್ಲಿ ಚಟ್ನಿ ಅರೆದವಳಲ್ಲ ಎಂದು ಅಲ್ಲೇ ಬಯಲಾಯಿತು. ತಿರುಗುವ ವಸ್ತು ಯಾವುದೇ ಇರಲಿ, ಅದನ್ನು ಒರೆಸಿ, ಎಣ್ಣೆ ಬಿಟ್ಟು, ಜೋಪಾನ ಮಾಡಿದವರ ಗುನುಗು ಅದರಲ್ಲಿ ಕೂರುತ್ತದೆ. ಹಳೆಯದು ಹೋಗಿ ಹೊಸದು ಕೂರಲು ಒಂದು ವಾರ ಬೇಕು. ಪೆಟ್ಟಿಗೆಯಿಂದ ಆಗತಾನೇ ತೆಗೆದ ಹೊಚ್ಚಹೊಸದಾದರೆ, ಜೋಡಿಸಿದ ಮೊದಲ ಕೈಯದು ಆ ಗಳಿಗೆಯಲ್ಲೇ ಕೂತುಬಿಡುತ್ತದೆ. ಧೂಳು ತುಂಬಿದರೆ ಗುನುಗು ಅಡಗಿಹೋಗಿ ಬರೀ ಏದುಸಿರು ಉಳಿಯುತ್ತದೆ.

ಇದಕ್ಕೆ ನಾವೆಲ್ಲ ಹೊಂದಿಕೊಂಡಿದ್ದೇವೆ. ಶಾಲೆಯ ಫ್ಯಾನುಗಳನ್ನು ಮೂವತ್ತು ವರ್ಷ ಒರೆಸಿದ ಭಾಗವ್ವನ ಗುನುಗು ಊರಿನ ಅರ್ಧ ಜನಕ್ಕೆ ಬಾಯಿಪಾಠ. ತೀರಿಹೋದವರ ಹೊಲಿಗೆ ಯಂತ್ರವನ್ನು ಕೆಲವರು ಉದ್ದ ಕೋಲಿನ ತುದಿಗೆ ಕೋಳಿಗರಿ ಕಟ್ಟಿ ದೂರದಿಂದ ಒರೆಸುತ್ತಾರೆ, ತಮ್ಮ ಕೈ ತಾಗಿ ಅವರದು ಅಳಿಸದಿರಲಿ ಎಂದು. ಹೊಸ ಸೊಸೆ ಬಂದ ಮನೆಯಲ್ಲಿ ಗ್ರೈಂಡರು ಯಾರು ತೊಳೆಯಬೇಕೆಂದು ಜಗಳವಾಗುತ್ತದೆ. ಇಬ್ಬರೂ ತಾನೇ ತೊಳೆಯುತ್ತೇನೆ ಎನ್ನುತ್ತಾರೆ.

ನಾನು ಏಕನಾಥ. ಗಡಿಯಾರ ಗೋಪುರದ ಹಿಂದೆ ನನ್ನ ರಿಪೇರಿ ಅಂಗಡಿ. ಫ್ಯಾನು, ಮಿಕ್ಸಿ, ಪಂಪು, ಈಚೆಗೆ ಲ್ಯಾಪ್‌ಟಾಪು. ನನ್ನ ಗುನುಗು ಚೆನ್ನಾಗಿದೆ ಎಂದು ಊರೇ ಹೇಳುತ್ತದೆ, ನಾನು ಹೇಳಿಕೊಳ್ಳಬೇಕಾಗಿಲ್ಲ. ಫ್ಯಾನು ರಿಪೇರಿಗೆ ಕೊಟ್ಟ ಎಷ್ಟೋ ಜನ, "ಒಂದು ವಾರ ನಿಮ್ಮ ಅಂಗಡೀಲೇ ಇರಲಿ ಬಿಡಿ, ನಿಮ್ಮದು ಚೆನ್ನಾಗಿ ಕೂರಲಿ" ಎಂದು ಬಿಟ್ಟುಹೋದದ್ದುಂಟು. ಸಂಜೆ ಬೀದಿಯಲ್ಲಿ ನಡೆದುಹೋಗುವಾಗ ಕಿಟಕಿ ಕಿಟಕಿಯಿಂದ ನನ್ನದೇ ಗುನುಗು ಬಂದು ಕಿವಿಗೆ ಬಿದ್ದರೆ ಎದೆ ಉಬ್ಬುತ್ತಿತ್ತು. ಮನೆಯ ಬಗ್ಗೆ ಹೇಳುವುದೇ ಬೇಡ. ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ನಮ್ಮ ಮನೆಯ ತಿರುಗುವ ಒಂದೇ ಒಂದು ವಸ್ತುವನ್ನೂ ಕುಮುದಳ ಕೈಗೆ ಬಿಟ್ಟಿರಲಿಲ್ಲ. ಪ್ರತಿ ಭಾನುವಾರ ಎಲ್ಲವನ್ನೂ ಬಿಚ್ಚಿ, ಒರೆಸಿ, ಜೋಡಿಸುತ್ತಿದ್ದೆ. ಹೆಂಡತಿಗೆ ಮಾಡುವ ಸೇವೆ ಎಂದೇ ನಾನು ತಿಳಿದಿದ್ದೆ.

ಅವಳ ಲ್ಯಾಪ್‌ಟಾಪು ಒಂದು ಬಿಟ್ಟು. ಕುಮುದ ಕಣ್ಣು ಕಾಣದ ಮಕ್ಕಳ ಶಾಲೆಗೆ ಪಠ್ಯಪುಸ್ತಕಗಳನ್ನು ಬ್ರೈಲಿಗೆ ಹೊಂದಿಸಿಕೊಡುತ್ತಾಳೆ. ಅಕ್ಷರಗಳದು ಸುಲಭವಂತೆ, ಚಿತ್ರಗಳದೇ ಕಷ್ಟ. ಪುಸ್ತಕದಲ್ಲಿ ಒಂದು ಮೀನಿನ ಚಿತ್ರವಿದ್ದರೆ, ಮೀನನ್ನು ಎಂದೂ ನೋಡದ ಮಗುವಿಗೆ ಅದನ್ನು ಮಾತಿನಲ್ಲಿ ಕಟ್ಟಿಕೊಡಬೇಕು. ಒಂದು ಚಿತ್ರಕ್ಕೆ ಎರಡು ದಿನ ಕೂತದ್ದೂ ಉಂಟು. ಆ ಲ್ಯಾಪ್‌ಟಾಪನ್ನು ನಾನು ಮುಟ್ಟಲು ಹೋದಾಗಲೆಲ್ಲ, "ಬೇಡ, ಅದರಲ್ಲಿ ಪಾಠ ಇದೆ, ನಾನೇ ನೋಡ್ಕೋತೀನಿ" ಎನ್ನುತ್ತಿದ್ದಳು. ಕೆಲಸದ ವಸ್ತು, ಹೆದರಿಕೆ ಇರಬೇಕು ಎಂದು ಸುಮ್ಮನಿದ್ದೆ. ನಾನು ಮನೆಯಲ್ಲಿದ್ದಾಗ ತಲೆಯ ಮೇಲಿನ ಫ್ಯಾನಿನ ನನ್ನ ಗುನುಗಿನಲ್ಲಿ ಅದರ ಸಣ್ಣ ಫ್ಯಾನಿನದು ಎಂದೂ ಕೇಳಿಸಿರಲಿಲ್ಲ.

ಆ ಬೇಸಿಗೆಯಲ್ಲಿ ಅದು ಬಿಸಿಯಾಗತೊಡಗಿತು. ಅರ್ಧ ಗಂಟೆ ಕೆಲಸ ಮಾಡಿದರೆ ಅಡಿಭಾಗ ಮುಟ್ಟಲಾಗುತ್ತಿರಲಿಲ್ಲ. ಫ್ಯಾನು ಕೆಮ್ಮಿನ ರೋಗಿಯ ಹಾಗೆ ಏದುಸಿರು ಬಿಡುತ್ತಿತ್ತು. ಏಳನೇ ತರಗತಿಯ ವಿಜ್ಞಾನದ ಪುಸ್ತಕ ಶಾಲೆ ತೆರೆಯುವ ಸೋಮವಾರಕ್ಕೆ ಸಿದ್ಧವಾಗಬೇಕಿತ್ತು; ಇನ್ನೂ ಹನ್ನೆರಡು ದಿನವಿತ್ತು. ಒಂದು ಬುಧವಾರ ಅವಳು ಮುಗಿದ ಪಾಠಗಳನ್ನು ತೋರಿಸಲು ಶಾಲೆಗೆ ಹೋದಳು. ಅವಳು ಬರುವುದರೊಳಗೆ ಧೂಳು ತೆಗೆದಿಟ್ಟರೆ ಖುಷಿಪಡುತ್ತಾಳೆ ಎಂದುಕೊಂಡು ಲ್ಯಾಪ್‌ಟಾಪನ್ನು ಬೋರಲು ಹಾಕಿದೆ.

ಒಂಬತ್ತು ಸ್ಕ್ರೂ. ಹಿಂಬದಿ ಎತ್ತಿದರೆ ಒಳಗೆ, ಗಾಳಿ ಹೊರಹೋಗುವ ಜಾಲರಿಯ ಬಾಯಿಗೆ ಧೂಳು ಕಂಬಳಿಯ ತುಂಡಿನ ಹಾಗೆ ಒತ್ತಿಕೊಂಡು ಕೂತಿತ್ತು. ಚಿಮಟದಿಂದ ಅದನ್ನು ಇಡಿಯಾಗಿ ಎಳೆದೆ. ಊದುವಾಗ ರೆಕ್ಕೆ ಹುಚ್ಚಾಪಟ್ಟೆ ತಿರುಗಬಾರದೆಂದು ಹಲ್ಲುಕಡ್ಡಿ ಚುಚ್ಚಿ ಹಿಡಿದು, ಗಾಳಿ ಹೊಡೆದು, ಬ್ರಷ್‌ನಲ್ಲಿ ಒಂದೊಂದು ರೆಕ್ಕೆಯನ್ನೂ ಸವರಿ ಜೋಡಿಸಿದೆ. ಒತ್ತಿದೆ. ಪರದೆ ಬೆಳಗಿತು. ಫ್ಯಾನು ತಿರುಗಿತು. ಅದರಿಂದ ಒಂದು ಶಬ್ದ ಬಂತು.

ಧೂಳು ತೆಗೆದ ಮೇಲೆ ಶಬ್ದ ಬರುವುದು ಹೊಸತೇನಲ್ಲ. ನೂರಕ್ಕೆ ಹತ್ತು ಯಂತ್ರಗಳು ಹಾಗೆ ಮಾಡುತ್ತವೆ. ತಂತಿಯೊಂದು ಜಾಗ ತಪ್ಪಿ ರೆಕ್ಕೆಗೆ ಸವರುತ್ತಿರಬಹುದು. ಬಿಚ್ಚಿ ನೋಡಿದೆ, ತಂತಿ ತನ್ನ ಕೊಕ್ಕೆಯಲ್ಲೇ ಇತ್ತು. ಯಾವುದೋ ಸ್ಕ್ರೂ ಹೆಚ್ಚು ಬಿಗಿಯಾಗಿ ಚೌಕಟ್ಟನ್ನು ಒತ್ತುತ್ತಿರಬಹುದು. ಎಲ್ಲವನ್ನೂ ಅರ್ಧ ಸುತ್ತು ಸಡಿಲಿಸಿ ನೋಡಿದೆ. ಒಂದು ರೆಕ್ಕೆಯ ಮೇಲೆ ಧೂಳು ಉಳಿದು ತೂಕ ವಾಲಿರಬಹುದು. ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿದೆ, ಕನ್ನಡಿಯ ಹಾಗಿದ್ದವು. ಅಚ್ಚು ಒಣಗಿರಬಹುದೆಂದು ಸೂಜಿಯ ಮೊನೆಯಷ್ಟು ಎಣ್ಣೆ ಬಿಟ್ಟೆ. ಶಬ್ದ ಇನ್ನೂ ಸ್ವಚ್ಛವಾಯಿತು. ಏನಾದರೊಂದು ದೋಷ ಸಿಗಲಿ ಎಂದು ಬೇಡಿಕೊಂಡ ರಿಪೇರಿಯವನು ಲೋಕದಲ್ಲಿ ನಾನೊಬ್ಬನೇ ಇರಬೇಕು. ಏಕೆಂದರೆ ಮೊದಲ ಸಲ ಕೇಳಿದಾಗಲೇ ನನಗೆ ಗೊತ್ತಾಗಿಹೋಗಿತ್ತು. ಅದು ಗುನುಗು. ನನ್ನದಲ್ಲ. ಕುಮುದಳದೂ ಅಲ್ಲ. ವಯಸ್ಸಾದವರು ಮೆಟ್ಟಿಲಿಳಿಯುವಂತೆ ಒಂದೊಂದು ಸ್ವರದಲ್ಲೂ ನಿಂತು, ನಿಂತು, ಅವಸರವಿಲ್ಲದೆ ಇಳಿಯುವ ಗಂಡಸಿನ ಗುನುಗು.

ಕುಮುದ ಬಂದಾಗ ಲ್ಯಾಪ್‌ಟಾಪು ಮೇಜಿನ ಮೇಲೆ ತಿರುಗುತ್ತಲೇ ಇತ್ತು. ಅವಳು ಚಪ್ಪಲಿ ಬಿಡುತ್ತಿದ್ದವಳು ಒಂದು ಕಾಲಿನದು ಬಿಟ್ಟು ಇನ್ನೊಂದನ್ನು ಹಾಗೇ ಮರೆತು ನಿಂತಳು. ಕೇಳಿಸಿಕೊಂಡಳು. ಮುಖದ ಮೇಲೆ ಏನೋ ಒಂದು ಸಡಿಲವಾದ ಹಾಗೆ ಕಂಡಿತು. "ಧೂಳು ತೆಗೆದ್ರಾ?" ಎಂದಳು.

"ತೆಗೆದೆ. ತುಂಬಾ ಕೂತಿತ್ತು."

"ಚೆನ್ನಾಯ್ತು," ಎಂದು ಇನ್ನೊಂದು ಚಪ್ಪಲಿ ಬಿಟ್ಟು ಒಳಗೆ ಹೋದಳು.

ಆವತ್ತಿನಿಂದ ನನಗೆ ಊಟ ಸೇರಲಿಲ್ಲ. ಅವಳು ಮೇಜಿನ ಮುಂದೆ ಕೂತು ಕೆಲಸ ಮಾಡುವುದನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಮೊದಲು ಪಾಠ ಹೊಂದಿಸುವಾಗ ಹುಬ್ಬು ಗಂಟಿಕ್ಕಿ, ಭುಜ ಬಿಗಿಹಿಡಿದು ಕೂರುತ್ತಿದ್ದಳು. ಈಗ ಒಂದು ಕಾಲನ್ನು ಮಡಿಚಿಕೊಂಡು, ಇನ್ನೊಂದರ ಹೆಬ್ಬೆರಳನ್ನು ಆ ಗುನುಗಿನ ನಡೆಗೆ ನೆಲಕ್ಕೆ ತಾಗಿಸುತ್ತಿದ್ದಳು. ತಾಗಿಸಿ, ನಿಂತು, ತಾಗಿಸಿ. ನನ್ನ ಎದೆಯ ಮೇಲೆ ಯಾರೋ ಕಾಲಿಟ್ಟು ಹತ್ತುವ ಹಾಗಿರುತ್ತಿತ್ತು. ಅವಳ ಕೋಣೆಯ ಫ್ಯಾನನ್ನು ಜೋರು ಮಾಡಿದೆ, ನನ್ನ ಗುನುಗು ಇನ್ನೊಂದನ್ನು ಮುಚ್ಚಲಿ ಎಂದು. ಅವಳು ಎದ್ದು ಅದನ್ನು ಆರಿಸಿದಳು. ಬೆವರುತ್ತಾ ಕೂತಳು! ನನ್ನ ಫ್ಯಾನಿನ ಗಾಳಿಗಿಂತ ಅವನ ಗುನುಗಿನ ಸೆಕೆ ಹಿತವಾಯಿತೇ ಅವಳಿಗೆ?

ಯಾರು ಅವನು? ನಾನು ಹುಡುಕಲು ಹೊರಟೆ. ರಿಪೇರಿಯವನಿಗೆ ಯಾವ ಮನೆಗಾದರೂ ಹೋಗಲು ನೆಪ ಬೇಕಾಗಿಲ್ಲ. "ಈ ಕಡೆ ಬಂದಿದ್ದೆ, ಫ್ಯಾನು ಹೇಗಿದೆ?" ಎಂದು ಒಳಗೆ ಹೋಗಿ ಕಿವಿ ನಿಮಿರಿಸಿ ಕೂರುತ್ತಿದ್ದೆ. ಬ್ಯಾಂಕಿನವನ ಮನೆ, ಸಂಗೀತದ ಮೇಷ್ಟರ ಮನೆ, ಕುಮುದಳ ಜೊತೆ ಕಾಲೇಜಿನಲ್ಲಿ ಓದಿದ ಔಷಧಿ ಅಂಗಡಿಯವನ ಮನೆ. ಮೂರು ದಿನ ಅಲೆದೆ. ಎದುರು ಮನೆಯ ರತ್ನವ್ವ ಕೇಳಿಯೇಬಿಟ್ಟಳು: "ಏನ್ ಏಕನಾಥಣ್ಣ, ಕಳ್ಳನ್ ಹುಡುಕೋರ ಥರ ಮನೆಮನೆ ಹೊಕ್ತಿದೀಯಾ?" ನಾನು ನಕ್ಕೆ. ನಗು ನನಗೇ ಕರ್ಕಶವಾಗಿ ಕೇಳಿಸಿತು.

ನಾಲ್ಕನೇ ದಿನ ಕಣ್ಣು ಕಾಣದ ಮಕ್ಕಳ ಶಾಲೆಯ ದಾರಿ ಹಿಡಿದೆ. ಕುಮುದ ಮನೆಯಿಂದ ಹೊರಗೆ ಹೋಗುವ ದಾರಿ ಎಂದರೆ ಅದೊಂದೇ. ಮುಚ್ಚಿಹೋದ ಟಾಕೀಸಿನ ಹಿಂದಿನ ಓಣಿಯಲ್ಲಿ ತಿರುಗಿದೆನೋ ಇಲ್ಲವೋ, ಆ ಗುನುಗು ಇಡೀ ಓಣಿಯನ್ನು ತುಂಬಿಕೊಂಡು ಎದುರು ಬಂತು. ಒಂದು ಕಿರಿದಾದ ಅಂಗಡಿ. ಮುಂದೆ ಏಳೆಂಟು ಟೇಬಲ್ ಫ್ಯಾನು ಸಾಲಾಗಿ ತಿರುಗುತ್ತಿದ್ದವು, ಎಲ್ಲವೂ ಒಂದೇ ಗುನುಗಿನಲ್ಲಿ ಮೆಟ್ಟಿಲಿಳಿಯುತ್ತಿದ್ದವು. ಬೋರ್ಡಿನ ಮೇಲೆ "ಚಿದಂಬರ, ಎಲ್ಲಾ ರಿಪೇರಿ" ಎಂದಿತ್ತು.

ರಿಪೇರಿಯವನು! ನನ್ನ ಕಸುಬಿನವನೇ! ಕಾಲೇಜಿನ ಗೆಳೆಯ ಆಗಿದ್ದರೆ, ಸಂಗೀತದ ಮೇಷ್ಟರಾಗಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆನೇನೋ. ಇದು ಸಹಿಸಲಾಗಲಿಲ್ಲ. ಒಳಗೆ ಕೂತಿದ್ದವನಿಗೆ ಐವತ್ತು ದಾಟಿತ್ತು. ಬೊಕ್ಕ ತಲೆ, ದಪ್ಪ ಗಾಜಿನ ಕನ್ನಡಕ, ಬನಿಯನ್ನಿನ ಮೇಲೆ ಎಣ್ಣೆಯ ಕಲೆ. ರೂಪದಲ್ಲಾಗಲೀ ಅಂಗಡಿಯಲ್ಲಾಗಲೀ ನನ್ನ ಕಾಲುಭಾಗವೂ ಇಲ್ಲ. ಅದರಿಂದ ಸಮಾಧಾನ ಆಗಬೇಕಿತ್ತು, ಉರಿ ಇನ್ನೂ ಹೆಚ್ಚಾಯಿತು.

"ಲ್ಯಾಪ್‌ಟಾಪ್ ಮಾಡ್ತೀರಾ?" ಎಂದೆ.

ಅವನು ತಲೆ ಎತ್ತಿದ. "ಮಾಡ್ತೀನಿ ಸಾರ್. ಅರೆ, ಏಕನಾಥ್ ಅಲ್ವಾ ನೀವು? ಗಡಿಯಾರ ಗೋಪುರದ ಹಿಂದೆ? ಬನ್ನಿ, ಕೂತ್ಕೊಳ್ಳಿ. ನಿಮ್ಮನೆಯವರದ್ದೇ ಮೂರು ಸಲ ಮಾಡಿದೀನಿ, ಮೊದಲನೇ ಸಲ ಫ್ಯಾನೇ ಹೊಸದು ಹಾಕಿಕೊಟ್ಟೆ. ಈ ಸಲ ಬಂದೇ ಇಲ್ಲ ಅವರು. ಧೂಳು ತುಂಬಿರ್ಬೇಕು ಪಾಪ."

ಅವನ ದನಿಯಲ್ಲಿ ಕಳ್ಳತನದ ಒಂದು ಎಳೆಯೂ ಇರಲಿಲ್ಲ. ನಾನು ಕೂರಲಿಲ್ಲ. ಮೂರು ಸಲ! ಹೆಂಡತಿಯ ಲ್ಯಾಪ್‌ಟಾಪನ್ನು ಹೊಟ್ಟೆ ಸೀಳಿ ಒಳಗೆ ಕೈ ಹಾಕಲು ನನಗೆ ಸಿಗದ ಒಪ್ಪಿಗೆ ಈ ಬೊಕ್ಕ ತಲೆಯವನಿಗೆ ಮೂರು ಸಲ ಸಿಕ್ಕಿತ್ತು.

ಮನೆಗೆ ಬಂದಾಗ ಕುಮುದ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಮಾಡಿದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಒಂಬತ್ತು ಸ್ಕ್ರೂ ಬಿಚ್ಚಿದೆ. ಚಿಮಟದ ತುದಿಯಲ್ಲಿ ಒಂದು ರೆಕ್ಕೆಯನ್ನು ಹಿಡಿದು ಒಳಕ್ಕೆ ಬಗ್ಗಿಸಿದೆ. ಎಷ್ಟು ಬಗ್ಗಿಸಬೇಕೆಂದು ನನಗೆ ಗೊತ್ತಿತ್ತು, ಮೂವತ್ತು ವರ್ಷದ ಕೈ. ಮುಚ್ಚಿ ಇಟ್ಟೆ. ಅವಳು ಕೈ ಒರೆಸಿಕೊಂಡು ಬಂದು ಕೆಲಸಕ್ಕೆ ಕೂತಾಗ ಫ್ಯಾನು ಕರ್ ಕರ್ ಕರ್ ಎಂದಿತು. ಮೆಟ್ಟಿಲ ಮೇಲೆ ಯಾರೋ ಮುಗ್ಗರಿಸಿ ಬಿದ್ದ ಹಾಗೆ. ನಾನು ಅಡುಗೆಮನೆಯಲ್ಲಿ ನಿಂತು ಅದನ್ನು ಕೇಳಿ, ದೇವರೇ ಕ್ಷಮಿಸಬೇಕು, ಒಂದು ಲೋಟ ನೀರು ಖುಷಿಯಿಂದ ಕುಡಿದೆ.

"ರೀ, ಇಲ್ಲಿ ಬನ್ನಿ. ಇದೇನೋ ಬೇರೆ ಥರ ಶಬ್ದ ಮಾಡ್ತಿದೆ."

"ಧೂಳು ತೆಗೆದ ಮೇಲೆ ಕೆಲವಕ್ಕೆ ಹಾಗಾಗತ್ತೆ," ಎಂದೆ. "ಹಳೇ ಧೂಳಿಗೆ ಒಗ್ಗಿಕೊಂಡಿರತ್ತೆ. ತೆಗೆದ್ರೆ ಸಮತೋಲ ತಪ್ಪತ್ತೆ."

"ಎಂಟು ದಿನ ಚೆನ್ನಾಗಿತ್ತಲ್ಲ?" ಎಂದಳು. ನನ್ನ ಕಡೆ ನೋಡಲಿಲ್ಲ, ಲ್ಯಾಪ್‌ಟಾಪಿಗೆ ಕಿವಿಯಿಟ್ಟು ಕೇಳುತ್ತಿದ್ದಳು. "ತಂತಿ ತಾಗ್ತಿದೆಯೇನೋ. ಸ್ಕ್ರೂ ಬಿಗಿಯಾಗಿದೆಯಾ? ಸ್ವಲ್ಪ ವಾರೆ ಮಾಡಿ ಹಿಡಿದ್ರೆ ಕಮ್ಮಿ ಆಗತ್ತೆ ನೋಡಿ, ಅಂದ್ರೆ ಏನೋ ಒಂದು ಕಡೆ ಒತ್ತುತಿದೆ."

ಇಷ್ಟೆಲ್ಲ ಅವಳಿಗೆ ಹೇಗೆ ಗೊತ್ತು? ಅಲ್ಲಿ ಕೂತು ನೋಡಿ ಕಲಿತಿದ್ದಾಳೆ. ಅವನ ಪಕ್ಕ ಕೂತು. ನಾನು ಬಿಚ್ಚುವ ನಾಟಕ ಮಾಡಿದೆ, ತಂತಿ ಸರಿಸುವ ನಾಟಕ ಮಾಡಿದೆ, "ಎಲ್ಲಾ ಸರಿಯಾಗಿದೆ" ಎಂದು ಮುಚ್ಚಿದೆ. ಅವಳು ನಂಬಿದಳು. ಅವಳು ನಂಬಿದ್ದೇ ಕಷ್ಟವಾಯಿತು. ಆದರೂ ಬಾಯಿ ಬಿಡಲಿಲ್ಲ.

ಬಗ್ಗಿದ ರೆಕ್ಕೆಯ ಫ್ಯಾನು ಗಾಳಿ ಸರಿಯಾಗಿ ಎಳೆಯುವುದಿಲ್ಲ. ಎರಡು ದಿನ ಹಾಗೂ ಹೀಗೂ ನಡೆಯಿತು. ಕೆಳಗೆ ಒದ್ದೆ ಬಟ್ಟೆ ಮಡಿಚಿಟ್ಟುಕೊಂಡು, ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿಕೊಂಡು ಕೆಲಸ ಮಾಡಿದಳು. ಶಾಲೆ ತೆರೆಯುವ ಹಿಂದಿನ ಶನಿವಾರ ಮಧ್ಯಾಹ್ನ ಕರ್ ಎನ್ನುವುದು ಒಮ್ಮೆಲೇ ನಿಂತಿತು. ಪರದೆ ಕಪ್ಪಾಯಿತು. ಒತ್ತಿದರೂ ಏಳಲಿಲ್ಲ.

ಕುಮುದ ಕಿರುಚಲಿಲ್ಲ. ಒದ್ದೆ ಬಟ್ಟೆಯನ್ನು ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ ಲ್ಯಾಪ್‌ಟಾಪನ್ನು ಬಟ್ಟೆಯ ಚೀಲಕ್ಕೆ ಹಾಕಿ, ಚಪ್ಪಲಿ ಮೆಟ್ಟಿದಳು. "ಟಾಕೀಸ್ ಹಿಂದೆ ಒಬ್ರು ರಿಪೇರಿಯವರಿದಾರೆ. ತೋರಿಸ್ಕೊಂಡು ಬರ್ತೀನಿ."

"ಹೋಗು," ಎಂದೆ. "ನಾಲ್ಕನೇ ಸಲ."

ಅವಳು ಹೊಸ್ತಿಲಲ್ಲಿ ನಿಂತಳು. ತಿರುಗಿದಳು. ಮುಖದಲ್ಲಿ ಹೆದರಿಕೆ ಇರುತ್ತದೆ ಎಂದುಕೊಂಡಿದ್ದೆ. ದಣಿವಿತ್ತು. "ಗೊತ್ತಾಯ್ತಾ ನಿಮಗೆ?"

"ಏನಿದೆ ಅವನಲ್ಲಿ?" ನನ್ನ ದನಿ ಏರಿತು. "ಆ ಬೋಳುತಲೆಯವನಲ್ಲಿ ಏನ್ ಕಂಡೆ? ಊರೆಲ್ಲ ನನ್ ಗುನುಗು ಬೇಕು ಅಂತ ಸಾಲು ನಿಲ್ಲತ್ತೆ. ನನ್ ಹೆಂಡ್ತಿಗೆ ಅವನದ್ದು ಬೇಕಾಯ್ತಾ?"

"ಅವರ ಹೆಸರು ನಂಗೆ ಬೋರ್ಡ್ ನೋಡಿ ಗೊತ್ತಾಗಿದ್ದು," ಎಂದಳು ಕುಮುದ. ಚೀಲವನ್ನು ಮೇಜಿನ ಮೇಲಿಟ್ಟು ಕೂತಳು. "ಅವರದ್ದೇ ಬೇಕು ಅಂತ ನಾನು ಹೋಗಿಲ್ಲ. ನಿಮ್ಮದಲ್ಲದ್ದು ಒಂದು ಬೇಕಿತ್ತು. ಅಷ್ಟೇ. ಯಾರದ್ದಾದ್ರೂ ಆಗ್ತಿತ್ತು."

ತಲೆಯ ಮೇಲೆ ಫ್ಯಾನು ನನ್ನ ಗುನುಗು ಗುನುಗುತ್ತಲೇ ಇತ್ತು. ಅಡುಗೆಮನೆಯ ಹೊಗೆ ಎಳೆಯುವ ಫ್ಯಾನೂ ಅದನ್ನೇ ಗುನುಗುತ್ತಿತ್ತು.

"ಕೇಳಿ," ಎಂದು ಅವಳು ಬೆರಳು ಮೇಲೆತ್ತಿದಳು. "ಹತ್ತೊಂಬತ್ತು ವರ್ಷ. ಬೆಳಿಗ್ಗೆ ಎದ್ರೆ ಇದು. ಮಲಗಿದ್ರೆ ಇದು. ಚೆನ್ನಾಗಿದೆ, ಇಲ್ಲ ಅಂದಿಲ್ಲ ನಾನು. ಆದ್ರೆ ನಾನು ಒಂದು ಮೀನು ಹೇಗಿರತ್ತೆ ಅಂತ ಯೋಚನೆ ಮಾಡಕ್ಕೆ ಕೂತ್ರೆ, ಇದು ನಡುವೆ ಬಂದು ಕೂರತ್ತೆ. ಮಕ್ಕಳಿಗೆ ಹೇಳೋ ಮಾತೆಲ್ಲ ನಿಮ್ಮ ತಾಳಕ್ಕೆ ಬರ್ತಿತ್ತು."

"ನೀನೇ ಒರೆಸ್ಕೊಬೇಕಿತ್ತು ಹಾಗಾದ್ರೆ. ನಿನ್ನದೇ ಕೂರ್ತಿತ್ತಲ್ಲ."

"ಒರೆಸಿದೆ." ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. "ಅವರ ಹತ್ರ ಹೋಗೋಕೆ ಮುಂಚೆ ನಾನೇ ಒರೆಸಿದೆ. ನಿಮಗೆ ಗೊತ್ತಾಗದ ಹಾಗೆ ಒಂದು ವಾರ, ದಿನಾ. ಎಂಟನೇ ದಿನ ಆನ್ ಮಾಡಿದ್ರೆ ಏನ್ ಬಂತು ಗೊತ್ತಾ? ನಿಮ್ಮದೇ. ನನ್ನ ಕೈಯಲ್ಲೂ ನಿಮ್ಮದೇ ಇತ್ತು. ಮದುವೆಗೆ ಮುಂಚೆ ನಂಗೂ ಒಂದಿತ್ತು, ಏಕನಾಥ್. ನಮ್ಮಮ್ಮನ ಮನೆ ಗ್ರೈಂಡರ್ ಅದನ್ನೇ ಹಾಡ್ತಿತ್ತು. ಹೇಗಿತ್ತು ಅಂತ ಈಗ ನಂಗೇ ನೆನಪಿಲ್ಲ."

ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದು ಎಷ್ಟು ವರ್ಷದ ಮೇಲೋ. ಬಯ್ಯಲು ಕೂಡಿಟ್ಟುಕೊಂಡಿದ್ದ ಮಾತೆಲ್ಲ ಬಾಯಲ್ಲೇ ಪುಡಿಯಾಯಿತು. ಕೇಳದಿದ್ದರೂ ಹೇಳಬೇಕಾದದ್ದು ಒಂದಿತ್ತು, ಹೇಳಿದೆ. "ರೆಕ್ಕೆ ಬಗ್ಗಿಸಿದ್ದು ನಾನೇ. ಚಿಮಟದಲ್ಲಿ."

ಅವಳು ನನ್ನನ್ನು ನೋಡಿದಳು. "ಮೀನಿನ ಪಾಠ ಹೋಯ್ತು," ಎಂದಳು ಮೆಲ್ಲಗೆ. "ಸೇವ್ ಮಾಡಿರಲಿಲ್ಲ. ಕಿವಿರಿನಿಂದ ನೀರು ಹೇಗೆ ಹೋಗತ್ತೆ ಅಂತ ಬರೆಯಕ್ಕೆ ಮೂರು ದಿನ ಕೂತಿದ್ದೆ. ಈಗಷ್ಟೇ ಬರೆದೂ ಆಗಿತ್ತು." ಎದ್ದು ಒಳಗೆ ಹೋಗಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು.

ನಾನು ಚೀಲ ಎತ್ತಿಕೊಂಡು ಹೊರಟೆ. ನನ್ನ ಅಂಗಡಿ ಎಡಕ್ಕಿತ್ತು, ಬಲಕ್ಕೆ ತಿರುಗಿದೆ. ಚಿದಂಬರನ ಅಂಗಡಿಯ ಗಿರಾಕಿಗಳ ಬೆಂಚಿನ ಮೇಲೆ ಕೂತು ನನ್ನ ಸರದಿಗೆ ಕಾದೆ. ನನ್ನ ಮುಂದೆ ಮಿಕ್ಸಿ ಜಾರು ಹಿಡಿದ ಹೆಂಗಸೊಬ್ಬಳಿದ್ದಳು. ಅವಳು ನನ್ನ ಗುರುತು ಹಿಡಿದು, ರಿಪೇರಿಯವನಿಗೂ ರಿಪೇರಿಯವನು ಬೇಕೇ ಎಂಬಂತೆ ನೋಡಿದಳು. ಕೂತೇ ಇದ್ದೆ.

ಚಿದಂಬರ ಲ್ಯಾಪ್‌ಟಾಪನ್ನು ಬಿಚ್ಚಿ, ಕನ್ನಡಕ ಹಣೆಗೇರಿಸಿ, ಫ್ಯಾನಿನ ಮೇಲೆ ಬಗ್ಗಿದ. ತುಂಬ ಹೊತ್ತು ನೋಡಿದ. "ಒಂದೇ ರೆಕ್ಕೆ ಬಗ್ಗಿದೆ, ಅದೂ ಒಳಗಡೆಗೆ. ಬುಡ ಸೀಳಿದೆ, ಇನ್ನು ಇದು ಬಾಳಲ್ಲ. ಫ್ಯಾನ್ ತಿರುಗದೆ ಆನ್ ಆಗ್ತಿಲ್ಲ ಅಷ್ಟೇ, ಬೇರೇನೂ ಸುಟ್ಟಿಲ್ಲ." ಆಮೇಲೆ ದನಿ ತಗ್ಗಿಸಿ, "ಚಿಮಟದ ಗುರುತಿದೆ ಸಾರ್," ಎಂದ.

"ನನ್ನದೇ," ಎಂದೆ.

ಅವನು ಫ್ಯಾನನ್ನು ಹೊರತೆಗೆದು ಬಟ್ಟೆಯ ಮೇಲಿಟ್ಟ. ಮಿಕ್ಸಿ ಜಾರಿನವಳು ಹೋಗುವುದನ್ನು ಕಾದ. "ನಮ್ಮಣ್ಣನ ಹಿಟ್ಟಿನ ಗಿರಣಿ ಇತ್ತು," ಎಂದ. "ಅವನ ಗುನುಗು ಕೇಳಕ್ಕೇ ಜನ ಹಿಟ್ಟು ಹಾಕಿಸ್ಕೊಂಡು ಹೋಗೋರು. ನಮ್ಮಪ್ಪನೂ ಅಲ್ಲೇ ಹೋಗಿ ಕೂರ್ತಿದ್ದ. ನಾನು ಅದಕ್ಕೆ ಮರಳು ಹಾಕ್ದೆ, ಒಂದು ಹಿಡಿ. ಕಲ್ಲು ಒಡೀತು. ಅಣ್ಣ ಇವತ್ತಿನವರೆಗೂ ಯಾರು ಮಾಡಿದ್ದು ಅಂತ ಕೇಳಿಲ್ಲ, ಗೊತ್ತಿದೆ ಅವನಿಗೆ." ಇಷ್ಟು ಹೇಳಿ ಮತ್ತೆ ಕನ್ನಡಕ ಇಳಿಸಿಕೊಂಡ. ನಾನು ಹೆಂಡತಿಯ ಮುಂದೆ ಹೇಳಲು ಎರಡು ದಿನ ಒದ್ದಾಡಿದ ಮಾತನ್ನು ಇವನು ಅಪರಿಚಿತನ ಮುಂದೆ ನೀರು ಕುಡಿದ ಹಾಗೆ ಹೇಳಿದ್ದ. ಅದಕ್ಕೂ ನನಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು.

"ಈ ಅಳತೆಯ ಹೊಸದಿದೆಯಾ?" ಎಂದೆ.

"ಒಂದಿದೆ. ಹಾಕಿಕೊಡ್ಲಾ?"

"ಬೇಡ. ಅವಳೇ ಹಾಕ್ಕೋಬೇಕು."

ಅವನು ನನ್ನ ಮುಖ ನೋಡಿ, ಅರ್ಥಮಾಡಿಕೊಂಡವನಂತೆ ತಲೆಯಾಡಿಸಿ, ಕಪಾಟಿನಿಂದ ಒಂದು ಪುಟ್ಟ ಪೆಟ್ಟಿಗೆಯನ್ನು ಇಕ್ಕಳದಿಂದ ಹಿಡಿದು ತೆಗೆದ. "ಪ್ಯಾಕೆಟ್ ಒಡೆದಿಲ್ಲ ನೋಡಿ. ನೀವೂ ಒಡೀಬೇಡಿ."

ಮನೆಗೆ ಬಂದು ಲ್ಯಾಪ್‌ಟಾಪು, ಪೆಟ್ಟಿಗೆ, ಸ್ಕ್ರೂಡ್ರೈವರು ಮೂರನ್ನೂ ಕುಮುದಳ ಮೇಜಿನ ಮೇಲೆ ಇಟ್ಟೆ. ಬಾಯಿ ಬಿಟ್ಟರೆ ಎಲ್ಲಿ ಗುನುಗಿಬಿಡುತ್ತೇನೋ ಎಂದು ಹೆದರಿ, ಹೇಗೆ ಜೋಡಿಸಬೇಕೆಂಬುದನ್ನು ಒಂದು ಹಾಳೆಯಲ್ಲಿ ಬರೆದು ಪಕ್ಕದಲ್ಲಿಟ್ಟೆ. ಅವಳು ಎದ್ದು ಬಂದು ಹಾಳೆಯನ್ನು ಓದಿ ಪಕ್ಕಕ್ಕೆ ಸರಿಸಿದಳು. "ಗೊತ್ತು ನಂಗೆ. ಮೂರು ಸಲ ನೋಡಿದೀನಿ." ಆಮೇಲೆ ಪೆಟ್ಟಿಗೆಯತ್ತ ಕೈ ಚಾಚಿ, ಮುಟ್ಟದೆ ಹಿಂತೆಗೆದಳು. "ಮತ್ತೆ ನಿಮ್ಮದೇ ಬಂದ್ರೆ?"

ಬರಲಿ ಎಂದು ನನ್ನೊಳಗೆ ಒಬ್ಬ ಕೂಗುತ್ತಿದ್ದ. ಅವನನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ, ಅವಳಿಗೆ ಕೇಳಿಸಿಯೇ ಇತ್ತು. ನಾನು ಗೋಡೆಯ ಬಳಿ ಹೋಗಿ ಹಾಲಿನ ಫ್ಯಾನು ಆರಿಸಿದೆ. ಕೋಣೆಯದು ಆರಿಸಿದೆ, ಅಡುಗೆಮನೆಯದು, ಬಚ್ಚಲ ಮನೆಯದು. ಫ್ರಿಜ್ಜಿನ ಪ್ಲಗ್ಗು ಕಿತ್ತೆ. ಚಪ್ಪಲಿ ಮೆಟ್ಟಿ ಹೊರಗೆ ಬಂದು ಜಗುಲಿಯ ಮೇಲೆ ಕೂತೆ.

ಮನೆ ಅಷ್ಟು ಮೌನವಾಗಿದ್ದುದನ್ನು ನಾನು ಎಂದೂ ಕೇಳಿರಲಿಲ್ಲ. ನೀರು ಹಿಡಿಯಲು ಬಂದ ರತ್ನವ್ವ ಕೊಡ ಇಳಿಸಿ, "ಕರೆಂಟ್ ಹೋಯ್ತಾ? ನಮ್ಮನೇಲಿ ಇದೆಯಲ್ಲ," ಎಂದಳು. "ಇದೆ," ಎಂದೆ. ಅವಳಿಗೆ ಏನೂ ತಿಳಿಯಲಿಲ್ಲ. ಬಿಸಿಲು ಎದುರು ಗೋಡೆಯ ಮೇಲಕ್ಕೆ ಸರಿಯುತ್ತಿತ್ತು. ಒಳಗೆ ಸ್ಕ್ರೂ ಒಂದು ನೆಲಕ್ಕೆ ಬಿದ್ದು ಉರುಳಿದ್ದು ಕೇಳಿಸಿತು, ಕಪಾಟಿನ ಕೆಳಗೆ ಹೋಗಿರಬೇಕು. ಎದ್ದು ಹೋಗಿ ಹುಡುಕಿಕೊಡಲು ಕಾಲು ತುಡಿಯಿತು. ಕೂತೆ. ಅವಳೇ ಹುಡುಕಿದಳು, ಕುರ್ಚಿ ಎಳೆದ ಸದ್ದಾಯಿತು.

ಆಮೇಲೆ ಫ್ಯಾನು ತಿರುಗಿತು.

ಬಾಗಿಲಿಗೆ ಹೋಗಿ ನಿಂತೆ. ಮೊದಲ ಮೂರು ಸ್ವರ ನನ್ನವು. ತಪ್ಪಿಲ್ಲದೆ ನನ್ನವು. ಕುಮುದ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು, ಅವಳ ಬೆನ್ನು ಕುಸಿಯುವುದನ್ನು ನೋಡಿದೆ. ನನ್ನೊಳಗೆ ಕೂಗುತ್ತಿದ್ದವನು ಎದ್ದು ಕುಣಿಯಲು ಹೊರಟ. ಅಷ್ಟರಲ್ಲಿ ನಾಲ್ಕನೇ ಸ್ವರ ನಾನು ಹೋಗುವ ಕಡೆಗೆ ಹೋಗಲಿಲ್ಲ. ಅನುಮಾನಿಸುತ್ತಾ ಪಕ್ಕಕ್ಕೆ ಹೊರಳಿತು, ಅಲ್ಲಿ ಸ್ವಲ್ಪ ಎಡವಿತು, ಐದನೆಯದು ಎಲ್ಲಿಗೋ ಮೇಲಕ್ಕೆ ಹೋಯಿತು. ಚಿದಂಬರನ ಮೆಟ್ಟಿಲುಗಳೂ ಅಲ್ಲಿರಲಿಲ್ಲ. ಮತ್ತೆ ಮೂರು ನನ್ನವು, ಮತ್ತೆ ಹೊರಳು. ಪ್ರತಿ ಸುತ್ತಿನಲ್ಲೂ ನನ್ನ ಭಾಗ ಕೊಂಚ ತೆಳ್ಳಗಾಗುತ್ತಿತ್ತು.

ಅವಳು ತಿರುಗಿ ನನ್ನನ್ನು ನೋಡಲಿಲ್ಲ. "ಬಾಗಿಲು ಹಾಕ್ಕೊಳ್ಳಿ," ಎಂದಳು. "ಬೀದಿ ಸದ್ದಲ್ಲಿ ಸರಿಯಾಗಿ ಕೇಳಿಸ್ತಿಲ್ಲ."

"ಒಳಗಿಂದಲಾ, ಹೊರಗಿಂದಲಾ?"

ಅವಳು ಯೋಚಿಸಿದಳು. "ಈಗ ಹೊರಗಿಂದ," ಎಂದಳು.

ಬಾಗಿಲು ಎಳೆದುಕೊಂಡೆ. ಒಳಗೆ ಕೀಲಿಗಳ ಮೇಲೆ ಬೆರಳು ಓಡತೊಡಗಿತು; ಮೀನಿನ ಪಾಠವೇ ಇರಬೇಕು. ರತ್ನವ್ವ ಕೊಡ ತುಂಬಿಸಿಕೊಂಡು ಇನ್ನೂ ಅಲ್ಲೇ ನಿಂತು ನೋಡುತ್ತಿದ್ದಳು. ನೋಡಲಿ ಎಂದು ನನ್ನ ಮನೆಯ ಬಾಗಿಲಿಗೆ ನಾನೇ ಕಿವಿ ಹಚ್ಚಿದೆ. ಗುನುಗು ಮತ್ತೆ ಸುತ್ತಿ ಬಂದು ಆ ನಾಲ್ಕನೇ ಸ್ವರದಲ್ಲಿ ಹೊರಳಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟು ಚೆನ್ನಾಗಿತ್ತು ಅದು.